ಡಾರ್ಲಿಂಗ್ಟನ್ ರೇಸ್: ಮೀನಿನ ಹೊಂಡ, ಲಾರಿ ಟೈರ್ ಮತ್ತು ಗುಡ್‌ವಿಲ್

ಕಾರು ರೇಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಫಾರ್ಮುಲಾ ಒನ್. ಆದರೆ ಅಮೆರಿಕದಲ್ಲಿ ಅದಕ್ಕಿಂತ ಬೇರೆ ಬಗೆಯ ರೇಸ್ ಒಂದಿದೆ. ಅದರ ಹೆಸರು ಸ್ಟಾಕ್ ಕಾರ್ ರೇಸ್. ಇಲ್ಲಿ ಸ್ಟಾಕ್ ಎಂದರೆ ಷೇರು ಮಾರುಕಟ್ಟೆಯ ಸ್ಟಾಕ್ ಅಲ್ಲ. ನಾವು ಟ್ರೇಡಿಂಗ್ ಅಕೌಂಟಿನಲ್ಲಿ ಬರೆಯುತ್ತೇವಲ್ಲ, ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟ ಸರಕು, ಆ ಸ್ಟಾಕ್. ಅಂದರೆ ಷೋರೂಮಿನಲ್ಲಿ ಸಿಗುವ ಮಾಮೂಲಿ ಕಾರನ್ನೇ ರೇಸಿಗೆ ಇಳಿಸುವುದು. ಈಗಿನ ರೇಸ್ ಕಾರುಗಳಿಗೆ ಷೋರೂಮ್ ಕಾರಿನ ಆಕಾರ ಮಾತ್ರ ಉಳಿದಿದೆ, ಒಳಗೆ ಎಲ್ಲವೂ ಬೇರೆ. ಶುರುವಾದಾಗ ಮಾತ್ರ ನಿಜವಾಗಿಯೂ ಅಂಗಡಿ ಕಾರುಗಳೇ ಓಡುತ್ತಿದ್ದವು.

ಕಾಮರ್ಸ್ ಓದುವ ನನಗೆ ಇದರಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಮ್ಮ ಅಬ್ಬಾ ಮತ್ತು ಚಾಚಾ ಸೇರಿ ಪಿ.ಬಿ. ರಸ್ತೆಯಲ್ಲಿ ಟೈರ್ ಅಂಗಡಿ ನಡೆಸುತ್ತಾರೆ. ಬೈಪಾಸ್ ಆದ ಮೇಲೆ ಲಾರಿಗಳು ಊರೊಳಗೆ ಬರುವುದು ಕಡಿಮೆಯಾಗಿದೆ. ಅಂಗಡಿಯನ್ನು ಬೈಪಾಸಿಗೆ ಸಾಗಿಸೋಣ ಎಂದು ಚಾಚಾ, ಇಷ್ಟು ವರ್ಷದ ಗಿರಾಕಿಗಳನ್ನು ಬಿಟ್ಟು ಹೋಗುವುದು ಹೇಗೆ ಎಂದು ಅಬ್ಬಾ. ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಇದೇ ಮಾತು. ಅದೇ ದಿನಗಳಲ್ಲಿ ಕಾಲೇಜಿನಲ್ಲಿ ಗುಡ್‌ವಿಲ್ ಪಾಠ ನಡೆಯುತ್ತಿತ್ತು. ಸರಾಸರಿ ಲಾಭ ತೆಗೆದು, ಇಷ್ಟು ವರ್ಷದಿಂದ ಗುಣಿಸಿದರೆ ಗುಡ್‌ವಿಲ್ ಸಿಗುತ್ತದೆ. ಆದರೆ ಅಂಗಡಿ ಜಾಗ ಬದಲಿಸಿದರೆ ಗುಡ್‌ವಿಲ್ ಜೊತೆಗೆ ಬರುತ್ತದೆಯೇ? ಪುಸ್ತಕದ ಲೆಕ್ಕಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಚಾಚಾನ ಮಗ ತೋರಿಸಿದ ಒಂದು ರೇಸಿನ ವಿಡಿಯೋದಿಂದ ಶುರುವಾಗಿ ನಾನು ಓದುತ್ತಾ ಹೋದ ಚರಿತ್ರೆಯಲ್ಲಿ ಈ ಪ್ರಶ್ನೆ ಇತ್ತು. ಆ ರೇಸಿನ ಹೆಸರು ಸದರ್ನ್ 500.

ಮೀನಿನ ಹೊಂಡ

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದಲ್ಲಿ ಡಾರ್ಲಿಂಗ್ಟನ್ ಎಂಬ ಸಣ್ಣ ಊರಿದೆ. ಸುತ್ತಮುತ್ತ ಹೊಲಗಳು. ಅಲ್ಲಿ ಹೆರಾಲ್ಡ್ ಬ್ರೇಸಿಂಗ್ಟನ್ ಎಂಬ ಸ್ಥಳೀಯ ಉದ್ಯಮಿ ಇದ್ದರು. ಇಂಡಿಯಾನಾಪೊಲಿಸ್ ನಗರದ ಪ್ರಸಿದ್ಧ 500 ಮೈಲಿ ರೇಸನ್ನು ನೋಡಿ ಬಂದಿದ್ದ ಅವರಿಗೆ, ನಮ್ಮೂರಲ್ಲೂ ಅಂಥದ್ದೊಂದು ಟ್ರ್ಯಾಕ್ ಏಕಿರಬಾರದು ಎನ್ನಿಸಿತು. ಆ ಕಾಲದಲ್ಲಿ ಸ್ಟಾಕ್ ಕಾರುಗಳು ಓಡುತ್ತಿದ್ದುದು ಹೆಚ್ಚಾಗಿ ಮಣ್ಣಿನ ಟ್ರ್ಯಾಕ್‌ಗಳಲ್ಲಿ. ಈ ರೇಸ್‌ಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ ಹುಟ್ಟಿದ್ದೇ 1948ರಲ್ಲಿ. ಇಂಥ ಹೊತ್ತಿನಲ್ಲಿ ಡಾಂಬರಿನ ದೊಡ್ಡ ಟ್ರ್ಯಾಕ್ ಕಟ್ಟುತ್ತೇನೆ ಎಂದವರನ್ನು ಊರವರು ವಿಚಿತ್ರವಾಗಿ ನೋಡಿದ್ದರೆ ಆಶ್ಚರ್ಯವಿಲ್ಲ.

ಬ್ರೇಸಿಂಗ್ಟನ್ 70 ಎಕರೆ ಜಮೀನನ್ನು ಶೆರ್ಮನ್ ರಾಮ್ಸೆ ಎಂಬ ರೈತರಿಂದ ಪಡೆದರು. ರಾಮ್ಸೆ ಒಂದು ಷರತ್ತು ಹಾಕಿದರು. ಜಮೀನಿನ ಒಂದು ಕಡೆ ಅವರು ಸಣ್ಣ ಮೀನು ಸಾಕುವ ಹೊಂಡ ಇತ್ತು, ಅದನ್ನು ಮುಟ್ಟುವ ಹಾಗಿಲ್ಲ. ಬ್ರೇಸಿಂಗ್ಟನ್ ಒಪ್ಪಿದರು, ಮಾತಿಗೆ ತಪ್ಪಲಿಲ್ಲ. ಹೊಂಡವನ್ನು ಉಳಿಸಲು ಆ ತುದಿಯ ತಿರುವುಗಳನ್ನು ಕಿರಿದು ಮಾಡಬೇಕಾಯಿತು. ಇನ್ನೊಂದು ತುದಿ ಅಗಲವಾಗಿಯೇ ಉಳಿಯಿತು. ಹೀಗೆ ಟ್ರ್ಯಾಕ್ ಮೊಟ್ಟೆಯ ಆಕಾರಕ್ಕೆ ಬಂತು. ಇಂದಿಗೂ ಹಾಗೆಯೇ ಇದೆ.

ಈ ಆಕಾರದಿಂದ ಚಾಲಕರಿಗೆ ಬಂದ ಕಷ್ಟ ಸಣ್ಣದಲ್ಲ. ಕಾರನ್ನು ಒಂದು ತುದಿಯ ತಿರುವಿಗೆ ಸರಿಯಾಗಿ ಹೊಂದಿಸಿದರೆ ಇನ್ನೊಂದು ತುದಿಯಲ್ಲಿ ಅದು ಮಾತು ಕೇಳುವುದಿಲ್ಲ. ತಿರುವುಗಳು 23ರಿಂದ 25 ಡಿಗ್ರಿಯಷ್ಟು ಓರೆಯಾಗಿವೆ. ಕಾರುಗಳು ಸದಾ ಎಡಕ್ಕೇ ತಿರುಗುತ್ತವೆ, ವೇಗ ಅವನ್ನು ಬಲಕ್ಕೆ, ಹೊರಗೋಡೆಯ ಕಡೆಗೆ ತಳ್ಳುತ್ತದೆ. ವೇಗ ಬೇಕಾದರೆ ಗೋಡೆಗೆ ಹತ್ತಿರವೇ ಓಡಿಸಬೇಕು. ಸ್ವಲ್ಪ ತಪ್ಪಿದರೆ ಕಾರಿನ ಬಲಬದಿ ಗೋಡೆಗೆ ಉಜ್ಜುತ್ತದೆ. ಆ ಗೀರಿಗೆ 'ಡಾರ್ಲಿಂಗ್ಟನ್ ಸ್ಟ್ರೈಪ್' ಎಂದೇ ಹೆಸರು. ಅದಿಲ್ಲದೆ ಅಲ್ಲಿಂದ ಮರಳುವ ಕಾರುಗಳು ಕಡಿಮೆ.

ಲಾರಿ ಟೈರ್

ಮೊದಲ ಸದರ್ನ್ 500 ನಡೆದದ್ದು 1950ರ ಸೆಪ್ಟೆಂಬರ್ 4ರಂದು. ಅಮೆರಿಕದಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ ಕಾರ್ಮಿಕರ ದಿನದ ರಜೆ. ಆ ರಜೆಯ ದಿನವನ್ನೇ ಆರಿಸಿದ್ದರು. 75 ಕಾರುಗಳು, ಒಂದು ಸಾಲಿಗೆ ಮೂರರಂತೆ 25 ಸಾಲು. ನೋಡಲು ಸುಮಾರು 25,000 ಜನ. ಆಗ ಟ್ರ್ಯಾಕಿನ ಉದ್ದ ಒಂದೂಕಾಲು ಮೈಲಿ, ಅಂದರೆ ಸುಮಾರು 2 ಕಿಲೋಮೀಟರ್. 400 ಸುತ್ತು ಹಾಕಿದರೆ 500 ಮೈಲಿ. ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದಷ್ಟು ದೂರ. ಸ್ಟಾಕ್ ಕಾರುಗಳು ಅಷ್ಟು ದೂರ ಡಾಂಬರಿನ ಮೇಲೆ ಪೂರಾ ವೇಗದಲ್ಲಿ ಓಡುತ್ತವೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಓಡಿದವು, ಆದರೆ ಟೈರ್‌ಗಳು ತಡೆಯಲಿಲ್ಲ. ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್‌ನಂಥ ಭಾರವಾದ, ಶಕ್ತಿಯ ಕಾರುಗಳು ಮುಂದೆ ನುಗ್ಗಿದವು. ಅವಕ್ಕೆ ಇದ್ದದ್ದು ದಿನಬಳಕೆಯ ಟೈರ್. ಭಾರ, ವೇಗ, ಬಿಸಿ ಡಾಂಬರು, ಸದಾ ಒಂದೇ ಕಡೆ ತಿರುಗುವುದರಿಂದ ಬಲಬದಿಯ ಟೈರ್ ಮೇಲೆ ಬೀಳುವ ಒತ್ತಡ, ಎಲ್ಲ ಸೇರಿ ಟೈರ್‌ಗಳು ಒಂದರ ಹಿಂದೆ ಒಂದು ಒಡೆದವು. ತಂದಿದ್ದ ಟೈರ್ ಮುಗಿದು, ನೋಡಲು ಬಂದವರ ಕಾರುಗಳಿಂದ ಟೈರ್ ಬಿಚ್ಚಿಸಿಕೊಂಡು ಕೊಂಡರು ಎಂಬ ಕಥೆಯನ್ನು ಅಲ್ಲಿ ಈಗಲೂ ಹೇಳುತ್ತಾರೆ.

ಈ ಗಲಾಟೆಯ ನಡುವೆ ಜಾನಿ ಮ್ಯಾಂಟ್ಸ್ ಎಂಬ ಚಾಲಕರು ಪ್ಲಿಮತ್ ಕಂಪನಿಯ ಸಣ್ಣ, ಹಗುರ ಕಾರೊಂದನ್ನು ಓಡಿಸುತ್ತಿದ್ದರು. ರೇಸಿಗೆ ಮುಂಚೆ ಅದು ಸಾಮಾನು ತರಲು, ಊರೊಳಗೆ ಓಡಾಡಲು ಬಳಸಿದ್ದ ಕಾರು. ಅದು ಹೊರಟದ್ದೇ 43ನೇ ಸ್ಥಾನದಿಂದ. ಆದರೆ ಮ್ಯಾಂಟ್ಸ್ ಇಂಡಿಯಾನಾಪೊಲಿಸ್‌ನಲ್ಲಿ ಓಡಿಸಿದ್ದವರು, ಡಾಂಬರು ಟೈರಿಗೆ ಏನು ಮಾಡುತ್ತದೆ ಎಂದು ಬಲ್ಲವರು. ಅವರ ಕಾರಿಗೆ ಹಾಕಿದ್ದು ಲಾರಿಗೆ ಹಾಕುವಂಥ ಗಟ್ಟಿ ಟೈರ್. ಬೇರೆಯವರು ಟೈರ್ ಬದಲಿಸಲು ನಿಲ್ಲುತ್ತಾ ಹೋದರು, ಇವರು ಒಂದೇ ಸಮನೆ ಓಡುತ್ತಾ ಹೋದರು. ಆರೂವರೆ ಗಂಟೆಗೂ ಹೆಚ್ಚು ಹೊತ್ತಿನ ನಂತರ ಮ್ಯಾಂಟ್ಸ್ ಗೆದ್ದಾಗ ಎರಡನೆಯವರಿಗಿಂತ 9 ಸುತ್ತು ಮುಂದಿದ್ದರು. ಸರಾಸರಿ ವೇಗ ಗಂಟೆಗೆ 75 ಮೈಲಿ, ಅಂದರೆ 120 ಕಿಲೋಮೀಟರಿಗೆ ತುಸು ಹೆಚ್ಚು.

ಈ ಕಥೆಯನ್ನು ಅಬ್ಬಾಗೆ ಹೇಳಿದೆ. ಅವರು ಲಿವರ್ ಕೆಳಗಿಡದೆಯೇ, "ಟೈರ್ ಉಳಿಸಿಕೊಂಡವನೇ ಊರು ಮುಟ್ಟುವುದು, ಇದಕ್ಕೆ ಅಮೆರಿಕಕ್ಕೆ ಹೋಗಬೇಕಾ?" ಎಂದರು.

ಹೆಸರು ಬೆಳೆದದ್ದು

ಮುಂದಿನ ವರ್ಷಗಳಲ್ಲಿ ಟ್ರ್ಯಾಕನ್ನು ಸ್ವಲ್ಪ ಉದ್ದ ಮಾಡಿದರು. ಈಗ ಒಂದು ಸುತ್ತು 1.366 ಮೈಲಿ, ರೇಸ್ 367 ಸುತ್ತು. 1959ರಲ್ಲಿ ಡೇಟೋನಾದಲ್ಲಿ ಇನ್ನೂ ದೊಡ್ಡ ಟ್ರ್ಯಾಕ್ ಬಂತು. ಆದರೂ ಡಾರ್ಲಿಂಗ್ಟನ್‌ನಲ್ಲಿ ಗೆದ್ದವರನ್ನು ನೋಡುವ ರೀತಿಯೇ ಬೇರೆಯಾಗಿತ್ತು. 1965ರಲ್ಲಿ ನೆಡ್ ಜ್ಯಾರೆಟ್ 14 ಸುತ್ತುಗಳ ಅಂತರದಿಂದ ಗೆದ್ದರು. ಅದೇ ರೇಸಿನಲ್ಲಿ ಕೇಲ್ ಯಾರ್ಬರೋ ಅವರ ಕಾರು ಗೋಡೆಯ ಮೇಲಿಂದ ಹಾರಿ ಟ್ರ್ಯಾಕಿನ ಹೊರಗೆ ಬಿತ್ತು. ಅವರು ಎದ್ದು ನಡೆದು ಬಂದರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 1957ರ ರೇಸಿನಲ್ಲಿ ಬಾಬಿ ಮೈಯರ್ಸ್ ಪ್ರಾಣ ಕಳೆದುಕೊಂಡಿದ್ದರು.

ಯಾರ್ಬರೋ ಅದೇ ಸೀಮೆಯ ಹುಡುಗ. ಚಿಕ್ಕವರಿದ್ದಾಗ ಟಿಕೆಟ್ ಇಲ್ಲದೆ ಒಳಗೆ ನುಸುಳಿ ಈ ರೇಸ್ ನೋಡಿದ್ದರು. ಮುಂದೆ ಇದನ್ನೇ ಐದು ಸಲ ಗೆದ್ದರು. 1985ರಲ್ಲಿ ಒಂದು ಸಿಗರೇಟ್ ಕಂಪನಿ, ವರ್ಷದ ನಾಲ್ಕು ದೊಡ್ಡ ರೇಸ್‌ಗಳಲ್ಲಿ ಮೂರನ್ನು ಗೆದ್ದವರಿಗೆ 10 ಲಕ್ಷ ಡಾಲರ್ ಘೋಷಿಸಿತು. ಬಿಲ್ ಎಲಿಯಟ್ ಆ ಮೂರನೆಯ ಗೆಲುವನ್ನು ಪಡೆದದ್ದು ಡಾರ್ಲಿಂಗ್ಟನ್‌ನಲ್ಲಿ. 1995ರಿಂದ 1998ರವರೆಗೆ ಜೆಫ್ ಗಾರ್ಡನ್ ನಾಲ್ಕು ವರ್ಷ ಸತತವಾಗಿ ಗೆದ್ದರು. ಪ್ರತಿ ವರ್ಷ ಅದೇ ರಜೆ, ಅದೇ ಊರು. ತಾತ, ಮಗ, ಮೊಮ್ಮಗ ಒಟ್ಟಿಗೆ ಬರುವ ಜಾತ್ರೆಯಂತೆ ಆಗಿತ್ತು.

ಎಲ್ಲರಿಗೂ ಬಾಗಿಲು ತೆರೆದಿತ್ತೇ?

ಇಲ್ಲಿ ಒಂದು ವಿಷಯ ಬಿಟ್ಟರೆ ಲೇಖನ ಸುಳ್ಳಾಗುತ್ತದೆ. ಆ ಜಾತ್ರೆಗೆ ಎಲ್ಲರಿಗೂ ಸಮನಾದ ಕರೆ ಇರಲಿಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಕಾನ್‌ಫೆಡರೇಟ್ ಬಾವುಟ ಅಲ್ಲಿ ಬಹಳ ವರ್ಷ ಹಾರುತ್ತಿತ್ತು. ಅದೇ ಟ್ರ್ಯಾಕಿನ ಇನ್ನೊಂದು ರೇಸಿಗೆ 'ರೆಬೆಲ್' ಎಂದೇ ಹೆಸರಿಟ್ಟಿದ್ದರು.

ವೆಂಡೆಲ್ ಸ್ಕಾಟ್ ಎಂಬ ಕಪ್ಪು ವರ್ಣೀಯ ಚಾಲಕರು 1961ರಲ್ಲಿ ನ್ಯಾಸ್ಕಾರ್‌ನ ಮುಖ್ಯ ಸರಣಿಗೆ ಬಂದರು. ತಮ್ಮ ಕಾರನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಅವರು. ಮೊದಲ ವರ್ಷಗಳಲ್ಲಿ ಡಾರ್ಲಿಂಗ್ಟನ್ ಅವರನ್ನು ಓಡಿಸಲು ಬಿಡಲಿಲ್ಲ. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನಲ್ಲಿ ಅವರು ಗೆದ್ದಾಗ, ವಿಜೇತ ಎಂದು ಘೋಷಿಸಿದ್ದು ಬಕ್ ಬೇಕರ್ ಅವರನ್ನು. ಎಷ್ಟೋ ಹೊತ್ತಿನ ಮೇಲೆ, ಜನ ಮನೆಗೆ ಹೋದ ಮೇಲೆ, ಸ್ಕಾಟ್ ಗೆದ್ದಿದ್ದಾರೆ ಎಂದು ಒಪ್ಪಿದರು. ನಿಜವಾದ ಟ್ರೋಫಿ ಅವರ ಕೈಗೆ ಬರಲೇ ಇಲ್ಲ. ಅವರು 1990ರಲ್ಲಿ ತೀರಿಕೊಂಡರು. ಕುಟುಂಬಕ್ಕೆ ಟ್ರೋಫಿ ಕೊಟ್ಟದ್ದು 2021ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2020ರ ಜೂನ್‌ನಲ್ಲಿ, ಕಪ್ಪು ವರ್ಣೀಯ ಚಾಲಕ ಬಬ್ಬಾ ವಾಲೆಸ್ ದನಿಯೆತ್ತಿದ ಬಳಿಕ ನ್ಯಾಸ್ಕಾರ್ ತನ್ನೆಲ್ಲ ಟ್ರ್ಯಾಕ್‌ಗಳಲ್ಲಿ ಆ ಬಾವುಟವನ್ನು ನಿಷೇಧಿಸಿತು.

ಇದನ್ನು ಓದಿದಾಗ ನನಗೆ ಅನ್ನಿಸಿದ್ದು ಇಷ್ಟು. ಗಿರಾಕಿಗಳ ಪ್ರೀತಿಗೆ ನಾವು ಗುಡ್‌ವಿಲ್ ಎಂದು ಬೆಲೆ ಕಟ್ಟುತ್ತೇವೆ. ಬಾಗಿಲಲ್ಲೇ ತಡೆದು ಕಳಿಸಿದವರು ಆ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ.

ಕಳೆದುಹೋದ ತಾರೀಖು

ಈಗ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. 2000ದ ನಂತರ ಈ ಕ್ರೀಡೆ ದಕ್ಷಿಣದ ಸಣ್ಣ ಊರುಗಳಿಂದ ದೊಡ್ಡ ನಗರಗಳ ಕಡೆಗೆ ನೋಡತೊಡಗಿತು. ಡಾರ್ಲಿಂಗ್ಟನ್ ಟ್ರ್ಯಾಕಿನ ಒಡೆತನ ಇದ್ದ ಕಂಪನಿಗೆ ಲಾಸ್ ಏಂಜಲೀಸ್ ಹತ್ತಿರ ಫಾಂಟಾನಾದಲ್ಲಿಯೂ ಒಂದು ಹೊಸ ಟ್ರ್ಯಾಕ್ ಇತ್ತು. ದೊಡ್ಡ ಮಾರುಕಟ್ಟೆ, ಹೆಚ್ಚು ಸೀಟು. 2004ರಲ್ಲಿ ಕಾರ್ಮಿಕರ ದಿನದ ರೇಸನ್ನು ಅಲ್ಲಿಗೆ ಕೊಟ್ಟು, ಸದರ್ನ್ 500 ಅನ್ನು ನವೆಂಬರಿಗೆ ತಳ್ಳಿದರು. ಅದೇ ಹೊತ್ತಿಗೆ ಟೆಕ್ಸಾಸ್ ಟ್ರ್ಯಾಕಿನ ಒಡೆತನದ ಕಂಪನಿಯ ಷೇರುದಾರರೊಬ್ಬರು, ನಮ್ಮ ಟ್ರ್ಯಾಕಿಗೆ ಎರಡನೇ ರೇಸ್ ಏಕೆ ಕೊಡುತ್ತಿಲ್ಲ ಎಂದು ಹಾಕಿದ್ದ ಕೇಸು ರಾಜಿಯಾಯಿತು. ಆ ರಾಜಿಯಲ್ಲಿ ಟೆಕ್ಸಾಸ್‌ಗೆ ಒಂದು ರೇಸ್ ಸಿಕ್ಕಿತು, ಡಾರ್ಲಿಂಗ್ಟನ್ ಒಂದನ್ನು ಕಳೆದುಕೊಂಡಿತು. 2005ರಿಂದ ಅಲ್ಲಿ ವರ್ಷಕ್ಕೆ ಒಂದೇ ರೇಸ್, ಅದೂ ಮೇ ತಿಂಗಳಲ್ಲಿ. ಸದರ್ನ್ 500 ಎಂಬ ಹೆಸರೂ ಹೋಯಿತು.

ಲೆಕ್ಕದ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಲಾಭ ಹೆಚ್ಚಬೇಕಿತ್ತು. ಆದರೆ ಅಲ್ಲಿ ಖಾಲಿ ಸೀಟುಗಳು ಕಣ್ಣಿಗೆ ಹೊಡೆಯುತ್ತಿದ್ದವು. ತಾರೀಖನ್ನು ಸಾಗಿಸಿದರು, ಆ ತಾರೀಖಿಗೆ ಹೊರಟು ಬರುವ ಜನರನ್ನು ಸಾಗಿಸಲು ಆಗಲಿಲ್ಲ. 2009ರಲ್ಲಿ ಅದನ್ನು ಅಟ್ಲಾಂಟಾಗೆ ಕೊಟ್ಟರು. ಅದೇ ವರ್ಷ ಡಾರ್ಲಿಂಗ್ಟನ್‌ಗೆ ಹೆಸರು ವಾಪಸ್ ಬಂತು. ಕೊನೆಗೆ 2015ರಲ್ಲಿ ತಾರೀಖೂ ವಾಪಸ್ ಬಂತು. ಆ ವರ್ಷ ತಂಡಗಳು ಹಳೆಯ ಕಾಲದ ಕಾರುಗಳ ಬಣ್ಣಗಳನ್ನು ತಮ್ಮ ಕಾರುಗಳಿಗೆ ಬಳಿದುಕೊಂಡು ಬಂದವು. ಕೊರೊನಾ ಕಾಲದಲ್ಲಿ ನಿಂತಿದ್ದ ನ್ಯಾಸ್ಕಾರ್, 2020ರ ಮೇ 17ರಂದು ಪ್ರೇಕ್ಷಕರಿಲ್ಲದೆ ಮತ್ತೆ ಶುರುವಾದದ್ದೂ ಡಾರ್ಲಿಂಗ್ಟನ್‌ನಲ್ಲಿಯೇ. 2021ರಿಂದ ಅಲ್ಲಿ ಮತ್ತೆ ವರ್ಷಕ್ಕೆ ಎರಡು ರೇಸ್.

ಇದನ್ನೆಲ್ಲ ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅಬ್ಬಾ ಮುಖ ಅರಳಿತು. ಚಾಚಾ ಮಾತ್ರ ಸುಮ್ಮನಿರಲಿಲ್ಲ. "ರೇಸ್ ನೋಡದಿದ್ದರೆ ಯಾರಿಗೂ ನಷ್ಟವಿಲ್ಲ ಬೇಟಾ. ಪಂಕ್ಚರ್ ಹಾಕಿಸದೆ ಲಾರಿ ಮುಂದೆ ಹೋಗುತ್ತದೆಯಾ?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಾತೂ ಸರಿ. ಲಾರಿ ಡ್ರೈವರ್ ಹುಡುಕುವುದು ಹತ್ತಿರದ ಅಂಗಡಿಯನ್ನು. ನಮ್ಮ ಬೀದಿಯ ಆಟೋದವರು ಹುಡುಕುವುದು ಅಬ್ಬಾನನ್ನು. ಎರಡೂ ಗುಡ್‌ವಿಲ್ಲೇ, ಆದರೆ ಒಂದು ಜಾಗಕ್ಕೆ ಅಂಟಿದ್ದು, ಇನ್ನೊಂದು ಮನುಷ್ಯನಿಗೆ ಅಂಟಿದ್ದು. ಯಾವುದು ಎಷ್ಟು ಎಂದು ತಿಳಿಯದೆ ಅಂಗಡಿ ಎತ್ತಬಾರದು ಎಂಬುದು ಡಾರ್ಲಿಂಗ್ಟನ್‌ನಿಂದ ನಾನು ಕಲಿತ ಪಾಠ.

ಸದ್ಯಕ್ಕೆ ಹಳೇ ಅಂಗಡಿಯ ಷಟರ್ ತೆರೆದೇ ಇದೆ. ಬೈಪಾಸಿನಲ್ಲಿ ಒಂದು ಕಂಪ್ರೆಸರ್, ಎರಡು ಜಾಕ್ ಇಟ್ಟುಕೊಂಡು ಚಾಚಾ ಆರು ತಿಂಗಳು ನೋಡುತ್ತಾರಂತೆ. ಎರಡೂ ಕಡೆಯ ಲೆಕ್ಕ ಬೇರೆ ಬೇರೆ ಬರೆಯುವ ಕೆಲಸ ನನ್ನದು.