ಜೂಲಿಯೆಟ್ ಆಗಿ ಬೇರೊಬ್ಬರು ಬಂದಿದ್ದರೆ?

ಚಿತ್ರ ನೋಡಿ ಬಂದ ಮೇಲೆ 'ಆ ಪಾತ್ರವನ್ನು ಇಂಥವರು ಮಾಡಬೇಕಿತ್ತು' ಎಂದು ವಾದಿಸದವರು ಯಾರಿದ್ದಾರೆ? ಬಾಜ್ ಲರ್ಮನ್ ನಿರ್ದೇಶನದ 1996ರ 'ರೋಮಿಯೋ ಪ್ಲಸ್ ಜೂಲಿಯೆಟ್' ಕುರಿತು ಅಭಿಮಾನಿಗಳು ಇಂದಿಗೂ ಹೀಗೆ ಪಾತ್ರ ಹಂಚುವುದುಂಟು. ಇದನ್ನು ಬರಿಯ ಹರಟೆ ಎಂದು ತಳ್ಳಿಹಾಕಬೇಕಿಲ್ಲ.

ಪ್ರಯೋಗಶಾಲೆಯಲ್ಲಿ ಉಳಿದುದನ್ನೆಲ್ಲ ಹಾಗೆಯೇ ಇಟ್ಟು ಒಂದಂಶವನ್ನು ಮಾತ್ರ ಬದಲಿಸಿ ಪರಿಣಾಮ ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಲರ್ಮನ್ ಕತ್ತಿಯ ಬದಲು ಪಿಸ್ತೂಲು ತಂದರೂ ಷೇಕ್ಸ್‌ಪಿಯರನ ಮಾತುಗಳನ್ನು ಉಳಿಸಿಕೊಂಡರು. ಮಾತು ಅದೇ ಇದ್ದು ನಟರು ಬದಲಾದರೆ ಅರ್ಥ ಏನಾಗುತ್ತದೆ?

ಉತ್ತರ ಚಿತ್ರದ ತಯಾರಿಯಲ್ಲೇ ಇದೆ. ಜೂಲಿಯೆಟ್ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದವರು 14ರ ಹರೆಯದ ನಟಾಲಿ ಪೋರ್ಟ್‌ಮನ್. ರೋಮಿಯೋ ಆಗಿದ್ದ ಲಿಯೊನಾರ್ಡೊ ಡಿಕಾಪ್ರಿಯೊಗೆ 21. ಜೊತೆಯಲ್ಲಿ ನಿಂತಾಗ ಪ್ರೇಮದ ದೃಶ್ಯ ದೌರ್ಜನ್ಯದಂತೆ ಕಾಣತೊಡಗಿತು. ಅವರ ಜಾಗಕ್ಕೆ 16ರ ಕ್ಲೇರ್ ಡೇನ್ಸ್ ಬಂದರು. ಸ್ವಾರಸ್ಯವೆಂದರೆ, ನಾಟಕದ ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ! ಓದುವಾಗ ಒಪ್ಪಿಕೊಂಡ ವಯಸ್ಸು ಕ್ಯಾಮೆರಾ ಎದುರು ನಿಜವಾದ ಮಗುವಾಗಿ ನಿಂತಾಗ ನಮ್ಮನ್ನು ಕಳವಳಕ್ಕೀಡುಮಾಡುತ್ತದೆ.

ವಯಸ್ಸು ಹೆಚ್ಚಾದರೆ ತೊಡಕು ಬೇರೆ. 1936ರ ಹಾಲಿವುಡ್ ಚಿತ್ರದಲ್ಲಿ ನಾರ್ಮಾ ಶಿಯರರ್ 30 ದಾಟಿದ್ದರು, ಲೆಸ್ಲಿ ಹೋವರ್ಡ್ 40 ದಾಟಿದ್ದರು. ಹದಿಹರೆಯದ ದುಡುಕಿನಿಂದ ನಡೆಯುವ ದುರಂತಕ್ಕೆ ಅಲ್ಲಿ ಕಾರಣವೇ ಸಡಿಲವಾಗುತ್ತದೆ. ಇನ್ನು ಷೇಕ್ಸ್‌ಪಿಯರನ ಕಾಲದ ಇಂಗ್ಲಿಷ್ ರಂಗದ ಮೇಲೆ ಜೂಲಿಯೆಟ್ ಆಗುತ್ತಿದ್ದವರು ಹುಡುಗರು!

ಆದ್ದರಿಂದ ವೀಕ್ಷಕರೇ, ನೀವೂ ಪಾತ್ರ ಹಂಚಿ ನೋಡಿ. ಆದರೆ ಯಾರು ಚೆನ್ನಾಗಿ ಕಾಣುತ್ತಾರೆ ಎಂಬುದಕ್ಕಿಂತ, ಅವರು ಬಂದರೆ ಕಥೆ ಏನಾಗುತ್ತದೆ ಎಂದು ಕೇಳಿಕೊಳ್ಳಿ.