ತ್ರಿಪದಿಯ ಸರಳತೆ: ಓದಿನಲ್ಲಿ ಮತ್ತು ಹಾಡಿನಲ್ಲಿ

ಕಾವ್ಯದ ಸರಳತೆಯನ್ನು ನಾವು ಒಂದು ಗುಣವೆಂದು ಮೆಚ್ಚುತ್ತೇವೆಯೇ ಹೊರತು ಅದು ಯಾವ ಬಗೆಯಿಂದ ಸಿದ್ಧಿಸುತ್ತದೆಯೆಂದು ವಿಚಾರಿಸುವುದು ಕಡಿಮೆ. ಆಧುನಿಕ ಕಲಾವಿಮರ್ಶೆಯಲ್ಲಿ 1960ರ ದಶಕದಿಂದೀಚೆಗೆ ಪ್ರಚಾರಕ್ಕೆ ಬಂದ ಮಿನಿಮಲಿಸಂ ಎಂಬ ಪರಿಕಲ್ಪನೆ ಈ ವಿಚಾರಕ್ಕೆ ಒಂದಿಷ್ಟು ನೆರವಾಗಬಲ್ಲದು. ಅಮೆರಿಕೆಯ ಶಿಲ್ಪ ಮತ್ತು ಚಿತ್ರಗಳಲ್ಲಿ ಈ ಮಾತು ಬಹುಮಟ್ಟಿಗೆ ಕಳೆಯುವ ಕ್ರಿಯೆಯನ್ನು ಸೂಚಿಸಿತು. ಅಲಂಕಾರವನ್ನೂ ಕಥನವನ್ನೂ ತೆಗೆದುಹಾಕಿ ಬರಿಯ ಆಕಾರವನ್ನು ಉಳಿಸಿಕೊಳ್ಳುವುದು ಅಲ್ಲಿನ ಕ್ರಮ. ಆದರೆ ಸ್ಟೀವ್ ರೈಖ್, ಫಿಲಿಪ್ ಗ್ಲಾಸ್ ಮೊದಲಾದವರ ಸಂಗೀತಕ್ಕೆ ಇದೇ ಹೆಸರನ್ನು ಅನ್ವಯಿಸಿದಾಗ ಅರ್ಥ ಬೇರೆಯಾಯಿತು. ಅಲ್ಲಿ ಸಾಮಗ್ರಿ ಅಲ್ಪವೇ ಸರಿ, ಆದರೆ ಆ ಅಲ್ಪವು ಮತ್ತೆ ಮತ್ತೆ ಮರಳಿ ಬರುತ್ತ, ಮರಳಿದಾಗ ತುಸು ಬದಲಾಗುತ್ತ ಹೋಗುತ್ತದೆ. ಒಂದು ಕಳೆಯುವುದರಿಂದ ಬಂದ ಮಿತಿ, ಇನ್ನೊಂದು ಮರಳಿಸುವುದರಿಂದ ಬಂದ ಮಿತಿ.

ಕನ್ನಡದ ತ್ರಿಪದಿಯನ್ನು ನಾವು ಇಂದು ಮೊದಲನೆಯ ಬಗೆಯ ಸರಳತೆಯೆಂದು ಓದುತ್ತಿದ್ದೇವೆ. ಅದು ನಿಜವಾಗಿ ಎರಡನೆಯ ಬಗೆಯದು. ಪ್ರಸ್ತುತ ಲೇಖನದಲ್ಲಿ ನಾವು ಪ್ರತಿಪಾದಿಸಹೊರಟಿರುವುದು ಇಷ್ಟನ್ನೇ. ಹೊರನಾಡಿನಲ್ಲಿದ್ದು ಕನ್ನಡ ಜಾನಪದವನ್ನು ಹೆಚ್ಚಾಗಿ ಮುದ್ರಿತ ಸಂಕಲನಗಳ ಮೂಲಕವೇ ಪರಿಚಯಿಸಿಕೊಳ್ಳುವ ಸಂಶೋಧಕರಿಗೆ ಈ ಭೇದ ವಿಶೇಷವಾಗಿ ಸಂಬಂಧಿಸಿದೆಯೆಂದು ನಮ್ಮ ತಿಳಿವಳಿಕೆ.

ಮೊದಲು ಛಂದಸ್ಸಿನ ಸ್ವರೂಪವನ್ನು ಸಂಕ್ಷೇಪವಾಗಿ ನೋಡಬಹುದು. ತ್ರಿಪದಿ ಅಂಶಗಣಗಳಿಂದಾದ ದೇಸಿ ಮಟ್ಟು. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯಲ್ಲಿ ಕನ್ನಡ ನಾಡಿನ ಜಾತಿಗಳ ನಡುವೆ ಇದಕ್ಕೆ ಸ್ಥಾನವಿದೆ. ಮೊದಲನೆಯ ಸಾಲಿನಲ್ಲಿ 4, ಎರಡನೆಯದರಲ್ಲಿ 4, ಮೂರನೆಯದರಲ್ಲಿ 3, ಹೀಗೆ ಒಟ್ಟು 11 ಗಣಗಳು. ಇವುಗಳಲ್ಲಿ 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಕಾಲಕ್ರಮದಲ್ಲಿ ಅಂಶಗಣಗಳು ಮಾತ್ರಾಗಣಗಳಾಗಿ ಮಾರ್ಪಟ್ಟಾಗ ವಿಷ್ಣುವಿಗೆ 5, ಬ್ರಹ್ಮಕ್ಕೆ 3 ಮಾತ್ರೆಗಳು ನೆಲೆಗೊಂಡವು. ಅಂದರೆ ಸಾಲುಗಳಿಗೆ ಕ್ರಮವಾಗಿ 20, 18 ಮತ್ತು 13 ಮಾತ್ರೆ. ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಗುವ ಈ ಅಳತೆಯೇ ತ್ರಿಪದಿಯ ಜೀವ. ಚೌಪದಿಯಲ್ಲಿ ಮಾತಿಗೆ ಹರಡಿಕೊಳ್ಳಲು ಎಡೆಯಿದೆ. ಇಲ್ಲಿ ಮೂರನೆಯ ಸಾಲು ಬರುವಷ್ಟರಲ್ಲಿ ನೆಲ ಕಿರಿದಾಗಿರುತ್ತದೆ. ಆದುದರಿಂದ ಅಲ್ಲಿ ವಿವರಣೆ ನಿಲ್ಲಲಾರದು, ತಿರುವು ಮಾತ್ರ ನಿಲ್ಲುತ್ತದೆ.

ನಮಗೆ ದೊರೆತಿರುವ ಅತ್ಯಂತ ಪ್ರಾಚೀನ ತ್ರಿಪದಿಗಳು ಬಾದಾಮಿಯ ಕೆರೆಯ ಬಳಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲಿವೆ. ಕಾಲ ಸುಮಾರು ಕ್ರಿ.ಶ. 700. ಇಡೀ ಶಾಸನ 5 ಪದ್ಯಗಳದು; ಅವುಗಳಲ್ಲಿ 3 ತ್ರಿಪದಿಗಳು, ಒಂದು ಸಂಸ್ಕೃತ ಶ್ಲೋಕ. ವೀರನೊಬ್ಬನ ಗುಣವನ್ನು ಹೇಳುವ ಈ ಪದ್ಯಗಳಲ್ಲಿ ವಂಶಾವಳಿಯಿಲ್ಲ, ಯುದ್ಧವರ್ಣನೆಯಿಲ್ಲ. ಕಟ್ಟಿಹಾಕಿದ್ದ ಸಿಂಹವನ್ನು ತಮಗೇನು ಕೇಡೆಂದು ಬಿಚ್ಚಿಬಿಟ್ಟವರ ಗತಿ ಒಂದು ಪದ್ಯಕ್ಕೆ ಸಾಕಾಗಿದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೂರು ಪದ್ಯಗಳಲ್ಲಿಯೂ ಎಲ್ಲ ಸಾಲುಗಳಿಗೂ ದ್ವಿತೀಯಾಕ್ಷರ ಪ್ರಾಸ ಕಟ್ಟುನಿಟ್ಟಾಗಿ ಪಾಲನೆಯಾಗಿದೆ. ಅಲ್ಲದೆ ಸಂಸ್ಕೃತ ಪದಗಳು ಧಾರಾಳವಾಗಿ ಬಂದಿವೆ. ಸರಳತೆಯೆಂದರೆ ಅಚ್ಚಗನ್ನಡವೆಂದೋ, ಕೌಶಲದ ಅಭಾವವೆಂದೋ ಭಾವಿಸುವವರು ಈ ಬಂಡೆಯ ಮುಂದೆ ಒಮ್ಮೆ ನಿಂತು ನೋಡುವುದು ಒಳ್ಳೆಯದು.

ಇನ್ನು ಹಾಡಿನ ಸಂಗತಿ. ತ್ರಿಪದಿಯನ್ನು ಹಾಡುವ ಸಾಂಪ್ರದಾಯಿಕ ಕ್ರಮದಲ್ಲಿ ಮೊದಲ ಸಾಲು ಮುಗಿದ ಮೇಲೆ ಎರಡನೆಯ ಸಾಲನ್ನು 7ನೆಯ ಗಣದವರೆಗೆ ಹಾಡಿ ನಿಲ್ಲಿಸುತ್ತಾರೆ. ಅನಂತರ ಅದೇ ಸಾಲನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡು, ಈ ಸಲ 8ನೆಯ ಗಣವನ್ನೂ ಸೇರಿಸಿ, ಆ ಗಣದ ಹೆಗಲ ಮೇಲೆ ಕೈಯಿಟ್ಟಂತೆ ಮೂರನೆಯ ಸಾಲಿಗೆ ದಾಟುತ್ತಾರೆ. ಎಣಿಸಿ ನೋಡಿದರೆ 4, 3, 4, 3. ಕಾಗದದ ಮೇಲೆ 11 ಗಣಗಳಾಗಿದ್ದುದು ಕೊರಳಿನಲ್ಲಿ 14 ಗಣಗಳಾಗುತ್ತದೆ. ಮೂರು ಸಾಲು ನಾಲ್ಕಾಗುತ್ತದೆ. ಸಾಂಗತ್ಯದ ಗಣಸಂಖ್ಯೆಯೂ ಇದೇ ಆಗಿರುವುದರಿಂದ ಅವೆರಡಕ್ಕೂ ನಂಟುಂಟೆಂದು ಛಂದಸ್ಸಿನ ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ರತ್ನಾಕರವರ್ಣಿಯ ಭರತೇಶವೈಭವದಂಥ ವಿಸ್ತಾರವಾದ ಕಾವ್ಯವನ್ನು ಹೊತ್ತ ಸಾಂಗತ್ಯ, ಬೀಸುವ ಕಲ್ಲಿನ ಮುಂದಿನ ಪದ್ಯಕ್ಕೆ ಇಷ್ಟು ಹತ್ತಿರದ್ದೆಂಬುದು ಸಣ್ಣ ವಿಷಯವಲ್ಲ.

ಈ 8ನೆಯ ಗಣವನ್ನು ಕುರಿತು ಇನ್ನೊಂದು ಮಾತು. ಲಕ್ಷಣದ ಪ್ರಕಾರ ಅದು ಎರಡನೆಯ ಸಾಲಿಗೆ ಸೇರಿದುದು. ಅರ್ಥದಲ್ಲಾದರೋ ಅನೇಕ ವೇಳೆ ಮೂರನೆಯ ಸಾಲಿನದು. ಆದುದರಿಂದಲೇ ಸರ್ವಜ್ಞನ ಪದ್ಯಗಳನ್ನು ಅಚ್ಚುಮಾಡುವವರು ಎಷ್ಟೋ ಸಲ ಅದನ್ನು ಕೆಳಗಿನ ಸಾಲಿಗೆ ಇಳಿಸಿಬಿಡುತ್ತಾರೆ. ಓದುಗನಿಗೆ ಇದು ಛಂದೋಭಂಗದಂತೆ ಕಾಣಬಹುದು. ಕೇಳುಗನಿಗೆ ಏನೂ ತೊಂದರೆಯಿಲ್ಲ. ಮೊದಲ ಸಲ ಸಾಲು ಆ ಗಣವಿಲ್ಲದೆ ಪೂರ್ಣವಾಗಿ ಕೇಳಿಸುತ್ತದೆ. ಎರಡನೆಯ ಸಲ ಅದೇ ಸಾಲು ಅಪೂರ್ಣವಾಗಿ ಮುಂದಕ್ಕೆ ಬಾಗುತ್ತದೆ. ಒಂದೇ ಮಾತು ಒಮ್ಮೆ ನಿಲುಗಡೆಯಾಗಿಯೂ ಒಮ್ಮೆ ನಿರೀಕ್ಷೆಯಾಗಿಯೂ ಕೆಲಸ ಮಾಡುವ ಈ ಉಪಾಯವನ್ನು ಮುದ್ರಿತ ಪುಟದಲ್ಲಿ ತೋರಿಸಲು ದಾರಿಯೇ ಇಲ್ಲವೆನ್ನಬೇಕು.

ಈ ಮರುಕಳಿಕೆ ಏಕೆ ಬಂದಿತು? ಉತ್ತರವನ್ನು ಕಲ್ಲಿನ ಬಳಿಯೇ ಹುಡುಕಬೇಕು. ನಸುಕಿನಲ್ಲಿ ಎದ್ದು ಜೋಳವನ್ನೋ ರಾಗಿಯನ್ನೋ ಬೀಸುವ ಹೆಣ್ಣುಮಗಳು ಒಂದು ಕೈಯಿಂದ ಗೂಟ ಹಿಡಿದು ತಿರುಗಿಸುತ್ತ, ಇನ್ನೊಂದು ಕೈಯಿಂದ ಕಲ್ಲಿನ ಬಾಯಿಗೆ ಹಿಡಿ ಹಿಡಿಯಾಗಿ ಕಾಳು ಹಾಕುತ್ತಾಳೆ. ಜೊತೆಗೆ ಇನ್ನೊಬ್ಬಳು ಎದುರು ಕುಳಿತಿದ್ದರೆ ಒಬ್ಬಳು ಎತ್ತಿಕೊಟ್ಟುದನ್ನು ಮತ್ತೊಬ್ಬಳು ಹಿಡಿಯುತ್ತಾಳೆ. ಇಲ್ಲಿ ಹಾಡು ಉಸಿರಿಗೆ ತಕ್ಕಷ್ಟೇ ಇರಬೇಕು, ನೆನಪಿಗೆ ನಿಲ್ಲುವಷ್ಟೇ ಇರಬೇಕು. ಮುಂದಿನ ಮಾತು ಹೊಳೆಯುವ ತನಕ ಕೈ ನಿಲ್ಲಲಾಗದು. ಮರಳಿ ಹಾಡುವ ಸಾಲು ಆ ಅವಕಾಶವನ್ನು ಒದಗಿಸುತ್ತದೆಯೆಂದು ನಮಗೆ ತೋರುತ್ತದೆ. ಕಲ್ಲನ್ನೇ ತಾಯಿಯೆಂದು ಕರೆದು ಆರಂಭಿಸುವುದು, ತವರನ್ನೂ ಅಣ್ಣತಮ್ಮಂದಿರನ್ನೂ ನೆನೆಯುವುದು, ಕೊನೆಯಲ್ಲಿ ಕಲ್ಲಿಗೆ ಬಿಡುಗಡೆ ಹೇಳುವುದು, ಈ ಕ್ರಮವೂ ಕೆಲಸದ ಆದಿ ಅಂತ್ಯಗಳನ್ನೇ ಅನುಸರಿಸಿದೆ. ಒಂದು ತ್ರಿಪದಿ ಅಲ್ಲಿ ಒಂದು ಕವಿತೆಯಲ್ಲ, ದೀರ್ಘವಾದ ಒಂದು ಬೆಳಗಿನ ಜಾವದ ಒಂದು ಸುತ್ತು.

ಇದು ಕನ್ನಡಕ್ಕೆ ಮಾತ್ರ ಮೀಸಲಾದ ಸಂಗತಿಯಲ್ಲವೆಂಬುದು ಪುಣೆ, ಮುಂಬಯಿ, ಹೈದರಾಬಾದು, ದೆಹಲಿಗಳಲ್ಲಿರುವ ನಮ್ಮ ಓದುಗರಿಗೆ ತಿಳಿದೇ ಇದೆ. ಭೋಜಪುರಿಯ ಜಂತಸಾರ್, ತೆಲುಗಿನ ತಿರುಗಲಿ ಪಾಟಲು, ಮರಾಠಿಯ ಓವಿ ಇವೆಲ್ಲ ಬೀಸುವ ಕಲ್ಲಿನ ಬಳಗದವೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುವುದನ್ನು ಉಲ್ಲೇಖಿಸುತ್ತದೆ. ಕನ್ನಡ ನೆಲದಲ್ಲಿ ಕುಳಿತು ಸಂಸ್ಕೃತದಲ್ಲಿ ಬರೆದ ಗ್ರಂಥ ಮರಾಠಿ ಹೆಂಗಸರ ಹಾಡನ್ನು ಗುರುತಿಸಿತೆಂಬುದು, ಗಡಿಗಳನ್ನು ಕುರಿತು ನಾವಿಂದು ಆಡುವ ಜಗಳಗಳ ನಡುವೆ, ನೆನೆಯತಕ್ಕ ಮಾತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ, ಇಂಡಿಯ ಕಡೆಯಿಂದ ಬಂದು ಪುಣೆಯಲ್ಲಿ ನೆಲಸಿದ ಕುಟುಂಬವೊಂದರ ವೃದ್ಧೆಯೊಬ್ಬರಿಂದ ಹಾಡುಗಳನ್ನು ಬರೆದುಕೊಳ್ಳಲು ಹೋಗಿದ್ದೆವು. ನಿಧಾನವಾಗಿ ಹೇಳಿರೆಂದು ಕೇಳಿಕೊಂಡಾಗ ಅವರು ಎರಡು ಸಾಲು ಹೇಳಿ ತಡವರಿಸಿದರು. “ಬರಕೊಳ್ಳಾಕ ಹೇಳಂದ್ರ ಬರಂಗಿಲ್ಲ ನೋಡ್ರಿ, ಬೀಸಾಕ ಕುಂತ್ರ ತಾವಽ ಬರ್ತಾವ” ಎಂದು ನಕ್ಕರು. ಕಲ್ಲು ಮನೆಯಲ್ಲಿರಲಿಲ್ಲ. ಬಳಿಕ ಅವರು ನೆಲದ ಮೇಲೆ ಮುಷ್ಟಿಯೂರಿ ಸುತ್ತು ತಿರುಗಿಸತೊಡಗಿದರು. ಹಾಡುಗಳು ಒಂದರ ಹಿಂದೊಂದು ಬಂದವು. ನಾವಾದರೋ ಮರಳಿ ಬಂದ ಸಾಲುಗಳನ್ನು ಅನಾವಶ್ಯಕವೆಂದು ಬಿಟ್ಟು ಮೂರು ಮೂರು ಸಾಲುಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡೆವು. ಆಮೇಲೆ ಧ್ವನಿಮುದ್ರಿಕೆಯನ್ನು ಕೇಳುವಾಗ ಒಂದು ಹಾಡಿನ ಎರಡನೆಯ ಸಾಲು ಮೊದಲ ಸಲ ಅಣ್ಣನನ್ನೂ, ಮರಳಿದಾಗ ತಮ್ಮನನ್ನೂ ಕರೆಯುತ್ತಿದ್ದುದು ಕಿವಿಗೆ ಬಿತ್ತು. ಮಾತ್ರೆ ಅದೇ, ಸಾಲು ಅದೇ, ಆದರೆ ಹಾಡಿನೊಳಗೆ ಬಂದವರು ಇಬ್ಬರು. ನಮ್ಮ ಟಿಪ್ಪಣಿಯಲ್ಲಿ ಒಬ್ಬನು ಕಾಣೆಯಾಗಿದ್ದನು. ಹಾಡನ್ನು ಸರಳಗೊಳಿಸಿದವರು ಆ ತಾಯಿಯಲ್ಲ, ನಾವು.

ಇಂಥ ಸರಳೀಕರಣ ನಮ್ಮೊಬ್ಬರಿಂದ ಆದುದಲ್ಲ. ಅಂದಿನ ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಸಂಗಡಿಗರು, 1931ರಲ್ಲಿ ಗರತಿಯ ಹಾಡು ಸಂಕಲನವನ್ನು ಹೊರತಂದುದು ಕನ್ನಡದ ಭಾಗ್ಯ. ನವೋದಯದ ಕವಿಗಳಿಗೆ, ವಿಶೇಷವಾಗಿ ಬೇಂದ್ರೆಯವರಿಗೆ, ಈ ಹಾಡುಗಳ ಲಯ ಎಷ್ಟು ಒದಗಿಬಂದಿತೆಂಬುದನ್ನು ಹೇಳಬೇಕಾಗಿಲ್ಲ. ಹಾಗಿದ್ದರೂ ಆ ತಲೆಮಾರಿನ ಸಂಗ್ರಹಗಳು ಬಹುಮಟ್ಟಿಗೆ ಹಾಡುಗಳನ್ನು ವಿಷಯಾನುಸಾರವಾಗಿ ವಿಂಗಡಿಸಿದವು, ಮರುಕಳಿಕೆಯನ್ನು ಬಿಟ್ಟವು. ಹೀಗೆ ಪುಟದ ಮೇಲೆ ಬಿಳಿಯ ಜಾಗದ ನಡುವೆ ಒಂಟಿಯಾಗಿ ನಿಂತ ಮೂರು ಸಾಲುಗಳು ಭಾವಗೀತೆಯ ಕಿರಿಯ ತಂಗಿಯಂತೆ ಕಂಡವು. ಅವುಗಳ ಮಿತಭಾಷೆಯನ್ನು ಹೊಗಳಿದ ವಿಮರ್ಶಕರು ಅರ್ಧದಷ್ಟು ಸಂಪಾದಕರ ಕತ್ತರಿಯನ್ನೇ ಹೊಗಳಿದರೆಂದರೆ ತಪ್ಪಾಗಲಾರದು. ಆದರೆ ಸಂಪಾದಕರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಧ್ವನಿಯನ್ನು ಹಿಡಿದಿಡುವ ಸಾಧನ ಕೈಗೆಟುಕದ ಕಾಲದಲ್ಲಿ ಅವರು ಮಾಡಿದುದು ಅಸಾಧಾರಣ ಕಾರ್ಯ.

ಬರೆಹದ ಕಡೆಯಿಂದ ಬಂದ ಮಿತಿಯ ಉದಾಹರಣೆಯನ್ನು ಸರ್ವಜ್ಞನಲ್ಲಿ ಕಾಣಬಹುದು. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸಂಪಾದಿಸಿಕೊಟ್ಟ ಈ ಪದ್ಯಗಳಲ್ಲಿ ಬಹುತೇಕ ಸರ್ವಜ್ಞ ಎಂಬ ಅಂಕಿತವೇ 11ನೆಯ ಗಣದ ಸ್ಥಾನವನ್ನು ಆಕ್ರಮಿಸುತ್ತದೆ. ಎಂದರೆ ಕವಿಗೆ ಉಳಿಯುವುದು 10 ಗಣಗಳು ಮಾತ್ರ. ಗರತಿಯ ಹಾಡಿನಲ್ಲಿ ಮುಂದಿನ ಸುತ್ತಿಗೆ ತೆರೆದುಕೊಳ್ಳುವ ಕೊನೆ ಇಲ್ಲಿ ಅಂಕಿತದಿಂದ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಆದುದರಿಂದ ಸರ್ವಜ್ಞನ ತ್ರಿಪದಿ ಒಂಟಿಯಾಗಿ ನಿಲ್ಲಬಲ್ಲದು, ಗಾದೆಯಂತೆ ಚಲಾವಣೆಯಾಗಬಲ್ಲದು. ಒಂದೇ ಮಟ್ಟು, ಎರಡು ಬಗೆಯ ಮಿತಿ. ಇವೆರಡನ್ನೂ ಜನಪದ ಸರಳತೆ ಎಂಬ ಒಂದೇ ಹೆಸರಿನಿಂದ ಕರೆಯುವುದು ನಮಗೆ ಸಮ್ಮತವಲ್ಲ.

ಚೆನ್ನೈಯ ಓದುಗರಿಗೆ ಇಲ್ಲಿ ತಿರುಕ್ಕುರಳ್ ನೆನಪಾಗುವುದು ಸಹಜ. 2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರರ ಪ್ರತಿಮೆಯೂ ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಾಗ ನೀತಿಬೋಧೆಯ ಸಾಮ್ಯವನ್ನು ಕುರಿತು ಮಾತುಗಳು ಬಹಳ ಕೇಳಿಬಂದವು. ರೂಪದ ಸಾಮ್ಯ ಅದಕ್ಕಿಂತ ಕುತೂಹಲಕರವಾದುದು. ಕುರಳಿನ ಮೊದಲ ಸಾಲಿಗೆ 4 ಸೀರ್, ಎರಡನೆಯದಕ್ಕೆ 3. ಹಾಡಿದ ತ್ರಿಪದಿಯೂ 4, 3, 4, 3 ಆಗಿ ನಡೆಯುತ್ತದೆಯೆಂಬುದನ್ನು ಮೇಲೆ ನೋಡಿದೆವು. ಇದರಿಂದ ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳಲು ನಾವು ಸಿದ್ಧರಿಲ್ಲ. ಉದ್ದದ ಸಾಲಿನ ಬೆನ್ನಿಗೆ ಗಿಡ್ಡ ಸಾಲನ್ನಿಟ್ಟು ಮಾತನ್ನು ಮುಗಿಸುವ ಒಲವು ದ್ರಾವಿಡ ಛಂದೋರೂಪಗಳಲ್ಲಿ ಎಷ್ಟು ವ್ಯಾಪಕವೆಂಬುದನ್ನು ತಮಿಳು ಬಲ್ಲ ಕನ್ನಡ ಸಂಶೋಧಕರು ಪರಿಶೀಲಿಸಬಹುದೆಂದಷ್ಟೇ ಸೂಚಿಸುತ್ತೇವೆ.

ಮರಾಠಿಯಲ್ಲಿ ಈ ದಿಕ್ಕಿನ ಕೆಲಸ ನಮಗಿಂತ ಮುಂದಿದೆ. ಪುಣೆಯಲ್ಲಿ ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತೆವ್ಯಾಂ ಅವರು ಆರಂಭಿಸಿದ ಬೀಸುವ ಕಲ್ಲಿನ ಹಾಡುಗಳ ಸಂಗ್ರಹದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಾಡುಗಳಿವೆ. ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ ಸಂಸ್ಥೆ ಈಗ ಅವುಗಳನ್ನು ಪ್ರಕಟಿಸುತ್ತಿದ್ದು, ಹಾಡಿದವರ ಹೆಸರು ಮತ್ತು ಊರುಗಳನ್ನು ಹಾಡಿನೊಂದಿಗೇ ಕೊಡುತ್ತಿದೆ. ಅನೇಕ ಹಾಡುಗಳಿಗೆ ಧ್ವನಿಮುದ್ರಣವೂ ಇದೆ. ಅಲ್ಲಿ ಒಂದು ಹಾಡನ್ನು ಓದಿ, ಅನಂತರ ಅದನ್ನೇ ಕೇಳಿದರೆ ನಾವು ಇಷ್ಟು ಹೊತ್ತು ಹೇಳಿದುದು ಕೂಡಲೇ ಮನದಟ್ಟಾಗುತ್ತದೆ.

ಹಿಟ್ಟಿನ ಗಿರಣಿ ಊರೂರಿಗೆ ಬಂದ ಮೇಲೆ ಕೈಯಿಂದ ಬೀಸಿದವರ ಕೊನೆಯ ತಲೆಮಾರು ಈಗ ಬಹಳ ವೃದ್ಧಾಪ್ಯದಲ್ಲಿದೆ. ಅವರಲ್ಲಿ ಎಷ್ಟೋ ಮಂದಿ ಮಕ್ಕಳೊಡನೆ ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿದ್ದಾರೆ. ಹೊರನಾಡಿನ ಸಂಶೋಧಕರಿಗೆ ಇದು ದೂರದ ಕ್ಷೇತ್ರಕಾರ್ಯವಲ್ಲ, ನೆರೆಮನೆಯ ಕೆಲಸ. ಒಂದೊಂದೇ ಪದ್ಯವನ್ನು ಕೇಳಿ ಪಡೆಯುವುದಕ್ಕಿಂತ ಒಂದು ಕೂಟವನ್ನು ಪೂರ್ತಿಯಾಗಿ, ನಡುವಿನ ಮೌನ ಮತ್ತು ಮಾತುಕತೆಗಳೊಡನೆ, ಮುದ್ರಿಸಿಕೊಳ್ಳುವುದು ಲೇಸು. ಬರೆದುಕೊಳ್ಳುವಾಗ ಮರಳಿದ ಸಾಲನ್ನು ಮತ್ತೆ ಬರೆಯಬೇಕು, ಅದು ಅಕ್ಷರಶಃ ಅದೇ ಆಗಿದ್ದರೂ ಸರಿಯೆ. ಕಲ್ಲು ದೊರೆತರೆ ಇನ್ನೂ ಒಳ್ಳೆಯದು. ದೊರೆಯದಿದ್ದಲ್ಲಿ ಹಾಡುವವರ ಮುಂದೆ ಕೈಯಾಡಿಸುವಷ್ಟು ನೆಲವನ್ನಾದರೂ ಬಿಟ್ಟು ಕುಳಿತುಕೊಳ್ಳಬೇಕು.