ನಿಮಗಿದು ಗೊತ್ತೆ? ಉಸಿರಾಡಬಲ್ಲರು, ಆದರೂ ನಳಿಕೆ ತೆಗೆಯಲು ಯೋಚನೆ

ತಲೆಗೆ ಪೆಟ್ಟು ಬಿದ್ದೋ ಮಿದುಳಿನಲ್ಲಿ ರಕ್ತಸ್ರಾವವಾಗಿಯೋ ಶ್ವಾಸನಾಳಕ್ಕೆ ನಳಿಕೆ ಹಾಕಿಸಿಕೊಂಡು ವೆಂಟಿಲೇಟರ್ ಸೇರಿದವರ ಶ್ವಾಸಕೋಶ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಯಂತ್ರದ ನೆರವು ತಗ್ಗಿಸಿ 30 ನಿಮಿಷದಿಂದ 2 ಗಂಟೆ ಸ್ವಂತ ಉಸಿರಾಟ ಪರೀಕ್ಷಿಸಿದರೆ ಅವರು ಪಾಸಾಗಿಬಿಡಬಹುದು. ತೊಡಕಿರುವುದು ಗಂಟಲಲ್ಲಿ. ಎಚ್ಚರ ಮಂಕಾಗಿದ್ದು, ಕೆಮ್ಮಲು, ಎಂಜಲು ನುಂಗಲು ಆಗದಿದ್ದರೆ, ನಳಿಕೆ ತೆಗೆದ ಮೇಲೆ ಕಫ, ಜೊಲ್ಲು ಶ್ವಾಸಕೋಶಕ್ಕಿಳಿಯುತ್ತವೆ.

ಪರೀಕ್ಷೆಯ ಹೊತ್ತಿನಲ್ಲೂ ಕಣ್ಣಿಟ್ಟಿರಬೇಕು. ಉಸಿರು ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಮಿದುಳಿನ ರಕ್ತನಾಳಗಳು ಹಿಗ್ಗಿ, ತಲೆಬುರುಡೆಯೊಳಗಿನ ಒತ್ತಡ ಹೆಚ್ಚುತ್ತದೆ. ಬಾವು ಇನ್ನೂ ಇಳಿಯದ ಮಿದುಳಿಗೆ ಇದು ಅಪಾಯ.

ಹಾಗೆಂದು ಪೂರ್ತಿ ಎಚ್ಚರವಾಗಲೆಂದು ಕಾಯುತ್ತ ಕೂರುವುದೂ ಜಾಣತನವೇನಲ್ಲ. ಅಮೆರಿಕದಲ್ಲಿ 136 ರೋಗಿಗಳನ್ನು ಗಮನಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಹತೆಯಿದ್ದೂ ನಳಿಕೆ ತೆಗೆಯುವುದು ತಡವಾದವರಲ್ಲೇ ನ್ಯುಮೋನಿಯಾ ಹೆಚ್ಚಾಗಿತ್ತು.

ಹಾಗಾದರೆ ಯಾವಾಗ ತೆಗೆಯಬೇಕು? ಫ್ರಾನ್ಸಿನ ವೈದ್ಯರು 2017ರಲ್ಲಿ ನಾಲ್ಕು ಗುರುತುಗಳನ್ನು ಮುಂದಿಟ್ಟರು: ಕಣ್ಣು ಎದುರಿನ ವಸ್ತುವನ್ನು ಹಿಂಬಾಲಿಸುತ್ತದೆಯೇ, ನುಂಗಲು ಯತ್ನಿಸುತ್ತಾರೆಯೇ, ವಯಸ್ಸು 40ರೊಳಗಿದೆಯೇ, ಎಚ್ಚರವನ್ನು ಅಳೆಯುವ ಗ್ಲಾಸ್ಗೋ ಅಂಕ 10ಕ್ಕಿಂತ ಮೇಲಿದೆಯೇ. ಮೂರಾದರೂ ಇದ್ದವರಲ್ಲಿ ಸುಮಾರು ಶೇ 90 ಮಂದಿಗೆ ನಳಿಕೆ ತೆಗೆದದ್ದು ಯಶಸ್ವಿಯಾಗಿತ್ತು. ದುಬಾರಿ ಯಂತ್ರಗಳ ನಡುವೆ, ವೈದ್ಯರ ಬೆರಳು ಆಚೀಚೆ ಸರಿದಂತೆ ರೋಗಿಯ ನೋಟವೂ ಸರಿಯುತ್ತದೆಯೇ ಎಂಬುದಕ್ಕೆ ಇಷ್ಟು ಬೆಲೆ!

ಆದರೂ 18 ದೇಶಗಳ 1,512 ರೋಗಿಗಳನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಳಿಕೆ ತೆಗೆದ ಐವರಲ್ಲಿ ಸುಮಾರು ಒಬ್ಬರಿಗೆ ಅದನ್ನು ಮತ್ತೆ ಹಾಕಬೇಕಾಯಿತು. ತೀರಾ ತಡವಾಗುವಂತಿದ್ದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನಳಿಕೆ ಕೂರಿಸುವ ಟ್ರೇಕಿಯಾಸ್ಟಮಿ ಇದೆ. ಚೇತರಿಸಿಕೊಂಡ ಬಳಿಕ ಅದನ್ನು ತೆಗೆಯಬಹುದು.